ಎರಡು ಸುತ್ತು ಗುಂಡಿನ ಲೆಕ್ಕ

ಈ ವಾಕ್ಯವನ್ನು ನೀವೂ ಎಷ್ಟೋ ಸಲ ಓದಿದ್ದೀರಿ: ‘ಸ್ಥಳ ಮಹಜರಿಗೆ ಕರೆದೊಯ್ದಾಗ ಪೊಲೀಸರ ಮೇಲೆ ಹಲ್ಲೆ ನಡೆಸಿ ತಪ್ಪಿಸಿಕೊಳ್ಳಲು ಯತ್ನಿಸಿದ ಆರೋಪಿಯ ಕಾಲಿಗೆ ಗುಂಡು ಹಾರಿಸಿ ಬಂಧಿಸಲಾಗಿದೆ.’ ಊರಿನ ಹೆಸರು ಬದಲಾಗುತ್ತದೆ. ಆರೋಪಿಯ ಅಡ್ಡಹೆಸರು ಬದಲಾಗುತ್ತದೆ. ಕೈಯಲ್ಲಿ ಒಮ್ಮೆ ಚಾಕು, ಒಮ್ಮೆ ಕಲ್ಲು, ಒಮ್ಮೆ ಒಡೆದ ಬಾಟಲಿ. ಉಳಿದದ್ದೆಲ್ಲ ಹಾಗೇ ಇರುತ್ತದೆ. ಮೊದಲು ಶರಣಾಗುವಂತೆ ಎಚ್ಚರಿಕೆ, ಆಮೇಲೆ ಗಾಳಿಯಲ್ಲಿ ಒಂದು ಗುಂಡು, ಆಮೇಲೆ ಕಾಲಿಗೆ. ಒಬ್ಬ ಕಾನ್‌ಸ್ಟೆಬಲ್‌ನ ಕೈಗೆ ಗಾಯ. ಇಬ್ಬರೂ ಆಸ್ಪತ್ರೆಗೆ ದಾಖಲು. ಮಹಜರಿಗೆ ಕರೆದೊಯ್ಯಬೇಕಾದರೆ ಆತ ಆಗಲೇ ಬಂಧಿತನಾಗಿರಲೇಬೇಕಲ್ಲ, ಮತ್ತೆ ‘ಬಂಧಿಸಲಾಗಿದೆ’ ಅಂದರೇನು ಎಂದು ಯಾರೂ ಕೇಳುವುದಿಲ್ಲ. ನಾವು ಅದನ್ನು ವಾಕ್ಯವಾಗಿ ಓದುವುದನ್ನು ಬಿಟ್ಟು ಬಹಳ ಕಾಲವಾಯಿತು.

ಎರಡು ವರ್ಷದಿಂದ ಇಂಥ ವರದಿಗಳನ್ನು ಒಂದು ಫೈಲಿನಲ್ಲಿ ಸೇರಿಸುತ್ತಿದ್ದೇನೆ. ನನ್ನ ಪಿಎಚ್.ಡಿ. ವಿಷಯ ನೈತಿಕ ಹೊಣೆಗಾರಿಕೆ. ಗೈಡ್‌ಗೆ ಈ ಫೈಲಿನ ಬಗ್ಗೆ ಅಷ್ಟೇನೂ ಉತ್ಸಾಹವಿಲ್ಲ; ಇದು ಸಮಾಜಶಾಸ್ತ್ರದವರ ಕೆಲಸ ಎನ್ನುತ್ತಾರೆ. ಇರಬಹುದು. ಆದರೆ ಈ ವಾಕ್ಯದೊಳಗೆ ಒಂದು ಗುಂಡು ಹಾರುತ್ತದೆ ಮತ್ತು ಅದನ್ನು ಹಾರಿಸಿದವರು ಯಾರೂ ಇರುವುದಿಲ್ಲ. ಕರ್ಮಣಿ ಪ್ರಯೋಗ ಎಂದು ಶಾಲೆಯಲ್ಲಿ ಕಲಿತದ್ದು ಇದನ್ನೇ. ಕರ್ತೃ ಇಲ್ಲದ ಕ್ರಿಯೆಗೆ ಹೊಣೆ ಯಾರು ಎಂಬುದು ತತ್ತ್ವಶಾಸ್ತ್ರದ ಪ್ರಶ್ನೆಯಲ್ಲದಿದ್ದರೆ ಇನ್ಯಾವುದು?

ಈ ಪ್ರಶ್ನೆ ನನಗೆ ಹುಟ್ಟಿದ್ದು ಪುಸ್ತಕದಿಂದಲ್ಲ, ಮನೆಯಿಂದ. ನನ್ನ ಸೋದರಮಾವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದರು. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದರು. ಬೇಸಿಗೆ ರಜೆಗೆ ನಾನು ಹೋಗುತ್ತಿದ್ದದ್ದು ಅವರ ಪೊಲೀಸ್ ಕ್ವಾರ್ಟರ್ಸಿಗೆ. ಎರಡು ಕೋಣೆ, ಸಿಮೆಂಟ್ ಶೀಟಿನ ಹಿತ್ತಿಲು, ಹಗ್ಗದ ಮೇಲೆ ಯಾವಾಗಲೂ ಒಂದು ಖಾಕಿ ಪ್ಯಾಂಟು. ವರ್ಷಕ್ಕೊಮ್ಮೆ ಅವರಿಗೆ ಫೈರಿಂಗ್ ಪ್ರಾಕ್ಟೀಸ್ ಇರುತ್ತಿತ್ತು. ಗುಡ್ಡದ ಬದಿಯ ಬಯಲಿನಲ್ಲಿ ಮಲಗಿ, ಮಂಡಿಯೂರಿ, ನಿಂತು, ಅಲುಗಾಡದ ಹಲಗೆಗೆ ಗುರಿ ಹಿಡಿದು ಹೊಡೆಯುವುದು. ಎಷ್ಟು ದೂರ ಎಂಬುದು ಮೊದಲೇ ಗೊತ್ತು, ಯಾವಾಗ ಹೊಡೆಯಬೇಕೆಂದು ಹೇಳಲು ಒಬ್ಬರು ಹಿಂದೆಯೇ ನಿಂತಿರುತ್ತಾರೆ, ಬೆಳಗಿನ ಬಿಸಿಲು. ಸಂಜೆ ಮನೆಗೆ ಬಂದಾಗ ಮಾವ ಹೇಳುತ್ತಿದ್ದದ್ದು ಎಷ್ಟು ಗುಂಡು ಗುರಿ ಮುಟ್ಟಿತೆಂದಲ್ಲ, ಖಾಲಿ ಕೇಸ್‌ಗಳು ಎಲ್ಲ ಸಿಕ್ಕವೋ ಇಲ್ಲವೋ ಎಂದು. ಗುಂಡು ಹಾರಿದ ಮೇಲೆ ರೈಫಲಿನಿಂದ ಆಚೆ ಬೀಳುವ ಹಿತ್ತಾಳೆಯ ಕೊಳವೆ ಅದು. ಐವತ್ತು ಗುಂಡು ಕೊಟ್ಟಿದ್ದರೆ ಐವತ್ತು ಖಾಲಿ ಕೇಸ್ ಶಸ್ತ್ರಾಗಾರಕ್ಕೆ ವಾಪಸ್ ಬರಬೇಕು. ಬರದಿದ್ದರೆ ಹುಲ್ಲಿನಲ್ಲಿ ಕೂತು ಹುಡುಕಬೇಕು.

ಹೋದ ವರ್ಷ ದೀಪಾವಳಿಗೆ ಹೋಗಿದ್ದಾಗ ನನ್ನ ಫೈಲಿನ ವಿಷಯ ಬಂತು. ಮಾವನಿಗೆ ಸಕ್ಕರೆ ಕಾಯಿಲೆ, ಕಾಲು ಚಾಚಿ ಜಗಲಿಯ ಮೇಲೆ ಕೂತಿದ್ದರು. “ಮಾವ, ನೀವು ಸರ್ವೀಸಿನಲ್ಲಿ ಯಾವತ್ತಾದರೂ ಗುಂಡು ಹಾರಿಸಿದ್ದೀರಾ?” ಎಂದು ಕೇಳಿದೆ. ಇಷ್ಟು ವರ್ಷ ಕೇಳಿರಲೇ ಇಲ್ಲ ಎಂಬುದು ಆಗ ಹೊಳೆಯಿತು.

“ಒಂದೇ ಸಲ ಕಣಮ್ಮ,” ಎಂದರು. “ಗಾಳೀಲಿ. ಎರಡು ರೌಂಡು.”

ತೊಂಬತ್ತರ ದಶಕದ ಆರಂಭ. ಒಂದು ಊರಿನಲ್ಲಿ ಗಲಾಟೆ, ಬಂದೋಬಸ್ತಿಗೆ ಇವರ ತುಕಡಿ. ಸಂಜೆ ಕತ್ತಲಾಗುವ ಹೊತ್ತು. ಎದುರಿನಿಂದ ಕಲ್ಲು. ಪಕ್ಕದವನ ಹೆಲ್ಮೆಟ್ಟಿಗೆ ಒಂದು ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆಯಂತೆ. “ಆರ್ಡರ್ ಬಂತಾ ಮಾವ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಬಂದಿರಬೌದು. ನಂಗೆ ಕೇಳ್ಸಿದ್ದು ಪಕ್ಕದೋನು ಹೊಡೆದ ಸದ್ದು. ಅವನು ಹೊಡ್ದ, ನಾನೂ ಹೊಡ್ದೆ. ಕೈ ನಡುಗ್ತಿತ್ತು. ಮೇಲಕ್ಕೇ ಹಿಡಿದಿದ್ದೆ ಅಂತ ಅನ್ಕೊಂಡಿದೀನಿ.”

ಯಾರಿಗೂ ಏನೂ ಆಗಲಿಲ್ಲ. ಜನ ಚದುರಿದರು. ಆಮೇಲೆ ಠಾಣೆಯ ರೈಟರ್ ಬರೆದ ಹೇಳಿಕೆಗೆ ಮಾವ ಸಹಿ ಹಾಕಿದರು. ಪರಿಸ್ಥಿತಿ ಕೈಮೀರಿದ್ದರಿಂದ ಎಚ್ಚರಿಕೆ ನೀಡಿ, ಮೇಲಧಿಕಾರಿಗಳ ಆದೇಶದಂತೆ ಅನಿವಾರ್ಯವಾಗಿ ಗಾಳಿಯಲ್ಲಿ ಎರಡು ಸುತ್ತು ಗುಂಡು ಹಾರಿಸಲಾಯಿತು ಎಂದು ಅದರಲ್ಲಿತ್ತು.

“ಯಾಕೆ ಹೊಡೆದೆ ಅಂತ ನಿಮ್ಮನ್ನ ಯಾರೂ ಕೇಳಲಿಲ್ಲವಾ?”

“ಇಲ್ಲಮ್ಮ. ಎರಡು ಖಾಲಿ ಕೇಸ್ ಎಲ್ಲಿ ಅಂತ ಕೇಳಿದ್ರು.”

ಒಂದು ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಬೋಲ್ಟ್ ಎಳೆದಾಗ ಎಲ್ಲೋ ಚರಂಡಿಗೆ ಹಾರಿತ್ತೆಂದು ಕಾಣುತ್ತದೆ. ರಾತ್ರಿ ಹನ್ನೊಂದರವರೆಗೆ ಟಾರ್ಚ್ ಹಿಡಿದು ಇಬ್ಬರು ಹುಡುಕಿದರಂತೆ. ಸಿಗದ ಖಾಲಿ ಕೇಸಿಗಾಗಿ ಮಾವನಿಗೆ ಮೆಮೊ ಬಂತು. ಮೂವತ್ತು ಚಿಲ್ಲರೆ ವರ್ಷದ ಸರ್ವೀಸಿನಲ್ಲಿ ಆ ಎರಡು ಗುಂಡಿನ ಬಗ್ಗೆ ಅವರಿಗೆ ಬಂದ ಒಂದೇ ಒಂದು ಪ್ರಶ್ನೆ ಅದು.

ಇದನ್ನು ಕೇಳಿ ನನಗೆ ಮೊದಲು ನಗು ಬಂತು. ನಗು ಹೋದ ಮೇಲೆ ಉಳಿದದ್ದು ಬೇರೆ. ನಮ್ಮ ಭಾಷೆಯಲ್ಲಿ ‘ಲೆಕ್ಕ’ ಎಂಬ ಪದಕ್ಕೆ ಎರಡು ಬಾಳಿದೆ. ಲೆಕ್ಕ ಇಡುವುದು ಒಂದು, ಲೆಕ್ಕ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ರಿಜಿಸ್ಟರ್ ಸಾಕು. ಎರಡನೆಯದಕ್ಕೆ ಎದುರಿಗೆ ಒಬ್ಬರು ಬೇಕು, ಕೇಳುವವರು. ಪಾರಸಿಯಿಂದ ಬಂದು ಕನ್ನಡವೇ ಆಗಿಹೋದ ‘ಜವಾಬ್ದಾರಿ’ಯ ಒಳಗೂ ಇರುವುದು ಜವಾಬು, ಉತ್ತರ. ಪ್ರಶ್ನೆಯೇ ಇಲ್ಲದ ಕಡೆ ಜವಾಬ್ದಾರಿ ಎಂಬ ಮಾತಿಗೆ ಅರ್ಥವೇ ಇಲ್ಲ. ಹಿತ್ತಾಳೆಯ ಲೆಕ್ಕ ಇಷ್ಟು ನಿಖರವಾಗಿ ಇಡುವ ವ್ಯವಸ್ಥೆಯೊಂದು ಕಾರಣದ ಲೆಕ್ಕವನ್ನು ಒಂದು ಸಿದ್ಧವಾಕ್ಯಕ್ಕೆ ಬಿಟ್ಟುಕೊಟ್ಟಿದೆ.

ಆ ಸಿದ್ಧವಾಕ್ಯದ ಬೆನ್ನೆಲುಬು ‘ಅನಿವಾರ್ಯ’ ಎಂಬ ಪದ. ಇಂಗ್ಲೆಂಡಿನ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ 1956ರಲ್ಲಿ ನೆಪಗಳ ಬಗ್ಗೆಯೇ ಒಂದು ಉಪನ್ಯಾಸ ಕೊಟ್ಟ. ನಾವು ಮಾಡಿದ್ದನ್ನು ಎರಡು ರೀತಿಯಲ್ಲಿ ಸಮಜಾಯಿಸುತ್ತೇವೆ ಎಂಬುದು ಅವನ ಮಾತಿನ ತಿರುಳು. ಹೌದು, ಮಾಡಿದೆ, ಆದರೆ ಮಾಡಿದ್ದು ಸರಿ ಎನ್ನುವುದು ಸಮರ್ಥನೆ. ಆದದ್ದು ಸರಿಯಲ್ಲ, ಆದರೆ ಅದನ್ನು ಪೂರ್ತಿ ನನ್ನ ತಲೆಗೆ ಕಟ್ಟಬೇಡಿ ಎನ್ನುವುದು ನೆಪ, ಒಳ್ಳೆಯ ಅರ್ಥದಲ್ಲಿ. ಅವನು ಕೊಡುವ ಉದಾಹರಣೆಯಲ್ಲೂ ಬಂದೂಕಿದೆ. ನನ್ನ ಕತ್ತೆ, ನಿಮ್ಮ ಕತ್ತೆ ಒಂದೇ ಹೊಲದಲ್ಲಿ ಮೇಯುತ್ತಿವೆ. ನನ್ನದನ್ನು ಕೊಲ್ಲಲು ಹೋಗಿ, ಗುರಿ ಹಿಡಿದು ಹೊಡೆದೆ. ಹೋಗಿ ನೋಡಿದರೆ ಸತ್ತದ್ದು ನಿಮ್ಮ ಕತ್ತೆ. ಇದು ಪ್ರಮಾದ. ಇನ್ನೊಂದು ಸಲ, ಹೊಡೆಯುವ ಕ್ಷಣದಲ್ಲಿ ಕತ್ತೆಗಳು ಸರಿದಾಡಿ ನಿಮ್ಮದು ಬಿತ್ತು. ಇದು ಆಕಸ್ಮಿಕ. ನಿಮ್ಮ ಮನೆಬಾಗಿಲಿಗೆ ಬಂದು ನಾನು ಏನು ಹೇಳಬೇಕು ಎಂಬುದು ಆ ವ್ಯತ್ಯಾಸದ ಮೇಲೆ ನಿಂತಿದೆ. ಒಂದು ಕತ್ತೆಯ ವಿಷಯದಲ್ಲಿ ಇಷ್ಟು ಸೂಕ್ಷ್ಮ ಬೇಕಾದರೆ!

‘ಅನಿವಾರ್ಯವಾಗಿ’ ಎಂಬ ಪದ ಈ ಎಲ್ಲ ವ್ಯತ್ಯಾಸಗಳನ್ನೂ ನುಂಗಿ ನೀರು ಕುಡಿಯುತ್ತದೆ. ಅದು ಏಕಕಾಲಕ್ಕೆ ಸಮರ್ಥನೆಯೂ ಹೌದು, ನೆಪವೂ ಹೌದು. ಪ್ರಾಣಭಯದಿಂದ ಹೊಡೆದದ್ದು, ಕೈನಡುಕದಿಂದ ಹೊಡೆದದ್ದು, ಪಕ್ಕದವನು ಹೊಡೆದನೆಂದು ಹೊಡೆದದ್ದು, ಮೊದಲೇ ನಿಶ್ಚಯಿಸಿ ಹೊಡೆದದ್ದು — ನಾಲ್ಕಕ್ಕೂ ಅದೊಂದೇ ಪದ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ. ಕಾಲಿಗೆ ಗುಂಡು ಎಂದರೆ ನಮಗೆ ಅದೊಂದು ಸೌಮ್ಯ ಕ್ರಮದಂತೆ ಕೇಳಿಸುತ್ತದೆ. ಕೊಲ್ಲಲಿಲ್ಲವಲ್ಲ! ಉತ್ತರ ಪ್ರದೇಶದ ಕಡೆ ಇದಕ್ಕೆ ‘ಹಾಫ್ ಎನ್‌ಕೌಂಟರ್’ ಎಂಬ ಹೆಸರೇ ಬಿದ್ದಿದೆ. ಆದರೆ ತೊಡೆಯೊಳಗೆ ದೊಡ್ಡ ರಕ್ತನಾಳ ಹಾದುಹೋಗುತ್ತದೆ, ಅದು ಹರಿದರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಮೂಳೆ ಪುಡಿಯಾದರೆ ಬದುಕಿಡೀ ಕುಂಟು. ನಮ್ಮ ದಂಡಸಂಹಿತೆಯಲ್ಲಿ ಮೂಳೆ ಮುರಿತ ‘ತೀವ್ರ ಗಾಯ’ದ ಪಟ್ಟಿಗೆ ಸೇರುತ್ತದೆ. ಕುಂಟುವ ಶಿಕ್ಷೆಯನ್ನು ಯಾವ ನ್ಯಾಯಾಧೀಶರೂ ಕೊಡಲಾರರು, ಅಂಥ ಶಿಕ್ಷೆ ಕಾನೂನಿನಲ್ಲೇ ಇಲ್ಲ.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ವಾಕ್ಯದ ಒಳಜಗಳ. ಆತ್ಮರಕ್ಷಣೆಯ ನೈತಿಕ ಬಲ ಇರುವುದೇ ಬೇರೆ ದಾರಿ ಇರಲಿಲ್ಲ ಎಂಬುದರಲ್ಲಿ. ಎದುರಿನವನು ಚಾಕು ಎತ್ತಿದ್ದಾನೆ, ಕ್ಷಣ ತಡವಾದರೆ ನಾನೋ ನನ್ನ ಪಕ್ಕದವನೋ ಸಾಯುತ್ತೇವೆ. ಅಂಥ ಹೊತ್ತಿನಲ್ಲಿ ನಸುಕಿನ ಮಬ್ಬಿನಲ್ಲಿ, ಓಡುವವನ ಮೊಣಕಾಲ ಕೆಳಗೆ ಇಷ್ಟೇ ಜಾಗಕ್ಕೆ ಹೊಡೆಯುವ ವ್ಯವಧಾನ ಎಲ್ಲಿಂದ ಬಂತು? ಅಷ್ಟು ವ್ಯವಧಾನ ಇದ್ದರೆ ಅಪಾಯ ಅಷ್ಟು ಹತ್ತಿರವಿತ್ತೇ? ಅನಿವಾರ್ಯ ಎಂಬ ಪದ ಒಂದು ಕಡೆ ಎಳೆಯುತ್ತದೆ, ಕಾಲಿಗೆ ಎಂಬ ಪದ ಇನ್ನೊಂದು ಕಡೆ. ಹಾಗೆಂದು ಪ್ರತಿಯೊಂದೂ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಮೈಮೇಲೆ ಬರುತ್ತಿರುವವನನ್ನು ಸಾಯಿಸದೆ ತಡೆಯಬೇಕೆಂದು ಗುರಿ ಕೆಳಗಿಳಿಸುವ ಪೊಲೀಸ್ ಇರಬಲ್ಲ, ಅದು ಮೆಚ್ಚಬೇಕಾದ ಸಂಯಮ. ಯಾವುದು ಅಂಥದ್ದು, ಯಾವುದು ಅಲ್ಲ ಎಂದು ತಿಳಿಯುವ ದಾರಿಯನ್ನೇ ಈ ವಾಕ್ಯ ಮುಚ್ಚಿಬಿಟ್ಟಿದೆ ಎಂಬುದಷ್ಟೇ ನನ್ನ ತಕರಾರು.

ಸೊಂಟದ ಕೆಳಗೆ ಹೊಡೆಯುವ ಮಾತು ಬಂದರೆ ಕನ್ನಡ ಓದಿದವರಿಗೆ ರನ್ನನ ಗದಾಯುದ್ಧ ನೆನಪಾಗದೆ ಇರುತ್ತದೆಯೇ. ನಾನಿಲ್ಲಿ ಹೇಳುವುದು ವ್ಯಾಸಭಾರತದ ಶಲ್ಯಪರ್ವದಲ್ಲಿ ಬರುವ ಒಂದು ಸಂಗತಿ. ಭೀಮ ದುರ್ಯೋಧನನ ತೊಡೆ ಮುರಿದಾಗ ಅಲ್ಲಿದ್ದ ಬಲರಾಮ ನೇಗಿಲೆತ್ತಿ ಎದ್ದು ನಿಲ್ಲುತ್ತಾನೆ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದಾಯುದ್ಧದ ನಿಯಮ. ನಿಯಮ ಮುರಿದಿದೆ, ಇದೇನು ಎಂದು ಕೇಳುತ್ತಾನೆ. ಕೃಷ್ಣ ಅವನನ್ನು ಹಿಡಿದು ನಿಲ್ಲಿಸಿ ಕಾರಣ ಹೇಳುತ್ತಾನೆ: ದ್ರೌಪದಿಗಾದ ಅವಮಾನ, ಭೀಮನ ಪ್ರತಿಜ್ಞೆ, ಮೈತ್ರೇಯರ ಶಾಪ. ಬಲರಾಮನಿಗೆ ಒಪ್ಪಿಗೆಯಾಗುವುದಿಲ್ಲ. ಲೋಕ ಭೀಮನನ್ನು ಕಪಟಯೋಧನೆಂದೇ ಕರೆಯುತ್ತದೆ ಎಂದು ಹೇಳಿ ದ್ವಾರಕೆಗೆ ಹೊರಟುಹೋಗುತ್ತಾನೆ. ದುರ್ಯೋಧನ ನಿರಪರಾಧಿ ಎಂದು ಬಲರಾಮ ಎಲ್ಲೂ ಹೇಳುವುದಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಹೊಡೆಸಿಕೊಂಡವನು ಎಂಥವನು ಎಂಬುದು ಅವನ ಪ್ರಶ್ನೆಯೇ ಅಲ್ಲ. ಗೆದ್ದವರ ನಡುವೆ ನಿಂತು ಅವನೊಬ್ಬ ಕೇಳಿದ, ಕೃಷ್ಣನಂಥವನೂ ಉತ್ತರ ಹೇಳಬೇಕಾಯಿತು.

ನಮ್ಮ ನಡುವೆ ಬಲರಾಮನ ಜಾಗದಲ್ಲಿ ಇರಬೇಕಾದ ನಿಯಮಗಳು ಇಲ್ಲದೆ ಇಲ್ಲ. ಬಂಧನವನ್ನು ವಿರೋಧಿಸುವವನ ಮೇಲೆ ಅಗತ್ಯವಾದ ಎಲ್ಲ ಕ್ರಮ ಬಳಸಬಹುದು, ಆದರೆ ಮರಣದಂಡನೆಯೋ ಜೀವಾವಧಿಯೋ ಆಗಬಹುದಾದ ಅಪರಾಧದ ಆರೋಪ ಇಲ್ಲದವನ ಸಾವಿಗೆ ಕಾರಣವಾಗುವ ಹಕ್ಕು ಇದರಿಂದ ಬರುವುದಿಲ್ಲ ಎಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಯ 46ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಸೆಕ್ಷನ್ನೂ ಅದನ್ನೇ ಹೇಳುತ್ತದೆ. 2014ರ ಸೆಪ್ಟೆಂಬರ್ 23ರಂದು ಪಿಯುಸಿಎಲ್ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹದಿನಾರು ಸೂಚನೆಗಳನ್ನು ಕೊಟ್ಟಿತು. ಎಫ್‌ಐಆರ್ ದಾಖಲಾಗಬೇಕು. ತನಿಖೆಯನ್ನು ಸಿಐಡಿ ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು. ಗುಂಡು ಹಾರಿಸಿದವರು ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕು. ಗಾಯಗೊಂಡವನಿಗೆ ಚಿಕಿತ್ಸೆ ಕೊಡಿಸಿ, ಅವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೋ ವೈದ್ಯಾಧಿಕಾರಿಯೋ ದಾಖಲಿಸಬೇಕು. ಘಟನೆಯ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡುವಂತಿಲ್ಲ. ಇವೆಲ್ಲ ಸಾವಿಗೆ ಮಾತ್ರವಲ್ಲ, ತೀವ್ರ ಗಾಯದ ಪ್ರಕರಣಗಳಿಗೂ ಅನ್ವಯ ಎಂದು ಕೋರ್ಟು ಸ್ಪಷ್ಟವಾಗಿ ಹೇಳಿತು. ಅಂದರೆ ಮೂಳೆ ಮುರಿದ ಕಾಲಿಗೂ. ನನ್ನ ಫೈಲಿನ ವರದಿಗಳಲ್ಲಿ ಗಾಯಗೊಂಡವನ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಪಡೆದರು ಎಂಬ ಮಾತನ್ನು ನಾನು ಹುಡುಕುತ್ತಲೇ ಇದ್ದೇನೆ. ಪಡೆದೂ ಇರಬಹುದು, ವರದಿಗಾರರಿಗೆ ಅದು ಸುದ್ದಿಯಾಗಿ ಕಂಡಿಲ್ಲ.

ಇಲ್ಲಿಯವರೆಗೆ ನಾನು ಪೊಲೀಸರ ಬಗ್ಗೆ ಮಾತನಾಡಿದೆ. ಅದು ಸುಲಭ. ಈಗ ನನ್ನ ಬಗ್ಗೆ ಹೇಳಬೇಕು.

2025ರ ಏಪ್ರಿಲ್ 13, ಭಾನುವಾರ. ಹುಬ್ಬಳ್ಳಿಯಲ್ಲಿ ಐದು ವರ್ಷದ ಮಗುವೊಂದರ ಹತ್ಯೆಯಾಯಿತು. ಅದೇ ದಿನ ಆರೋಪಿಯನ್ನು ಹಿಡಿದರು. ಅದೇ ದಿನ ಆತ ಪೊಲೀಸರ ಗುಂಡಿಗೆ ಸತ್ತ. ಅವನ ಗುರುತು ಪತ್ತೆಗೆ ಕರೆದೊಯ್ದಾಗ ಕಲ್ಲು ತೂರಿ ಓಡಲು ನೋಡಿದ, ಮಹಿಳಾ ಪಿಎಸ್‌ಐ ಒಬ್ಬರು ಗುಂಡು ಹಾರಿಸಿದರು ಎಂದು ಪೊಲೀಸರು ಹೇಳಿದರು. ಸುದ್ದಿ ಬಂದಾಗ ನಾನು ಹಾಸ್ಟೆಲಿನ ಕೋಣೆಯಲ್ಲಿದ್ದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದರ ಹಿಂದೆ ಒಂದು ಸಂದೇಶ. ‘ಸರಿಯಾಯ್ತು’, ‘ಆ ಮೇಡಂಗೆ ಸೆಲ್ಯೂಟ್’, ‘ಹೀಗೇ ಆಗಬೇಕು’. ನಾನೂ ಒಂದು ಕೈಮುಗಿಯುವ ಚಿಹ್ನೆ ಒತ್ತಿದೆ.

ಹೊಣೆಗಾರಿಕೆಯ ಬಗ್ಗೆ ಮೂರು ವರ್ಷದಿಂದ ಓದುತ್ತಿರುವವಳು, ಆ ಫೈಲನ್ನು ಇಟ್ಟುಕೊಂಡವಳು, ಒತ್ತಿದೆ. ಸೋಗು ಹಾಕುವುದಿಲ್ಲ: ಆ ಕ್ಷಣದಲ್ಲಿ ಎದೆಯಿಂದ ಏನೋ ಇಳಿದಂತಾಯಿತು. ರಾತ್ರಿ ಲೈಬ್ರರಿಯಿಂದ ಒಬ್ಬಳೇ ನಡೆದು ಬರುವಾಗ ಹಿಂದೆ ಹೆಜ್ಜೆ ಸದ್ದು ಕೇಳಿದರೆ ಆಗುವ ಭಯವಿದೆಯಲ್ಲ, ಅದಕ್ಕೆ ಯಾರೋ ಒಂದು ಉತ್ತರ ಕೊಟ್ಟಂತೆ ಅನಿಸಿತು. ಆ ಸಮಾಧಾನ ಸುಳ್ಳೆಂದು ನಾನು ಹೇಳಲಾರೆ. ಮಗುವನ್ನು ಕಳೆದುಕೊಂಡ ಮನೆಯವರಿಗೆ ಅದೆಷ್ಟಾಗಿತ್ತೋ, ಅದರ ಬಗ್ಗೆ ಮಾತನಾಡುವ ಯೋಗ್ಯತೆಯೂ ನನಗಿಲ್ಲ.

ಆದರೆ ಮರುದಿನ ಸ್ನಾನ ಮಾಡುತ್ತಿದ್ದಾಗ ಒಂದು ಯೋಚನೆ ಬಂದು ನಿಂತಿತು. ಸತ್ತವನೇ ಆ ಕೃತ್ಯ ಮಾಡಿದವನು ಎಂದು ನನಗೆ ಹೇಗೆ ಗೊತ್ತು? ಪೊಲೀಸರು ಹೇಳಿದರು. ಅವರ ಮೇಲೆ ಕಲ್ಲು ತೂರಿದ ಎಂದು ಹೇಗೆ ಗೊತ್ತು? ಅದೂ ಪೊಲೀಸರೇ ಹೇಳಿದರು. ಎರಡೂ ನಿಜವೇ ಇರಬಹುದು. ಆದರೆ ಮೊದಲನೆಯದನ್ನು ಪರೀಕ್ಷಿಸಲು ಇದ್ದ ಒಂದೇ ಸ್ಥಳ ನ್ಯಾಯಾಲಯ, ಸತ್ತವನ ಮೇಲೆ ಅಲ್ಲಿ ಮೊಕದ್ದಮೆ ನಡೆಯುವುದಿಲ್ಲ. ಹಾಗೆ ಒಂದು ವೇಳೆ ತಪ್ಪು ಮನುಷ್ಯ ಸತ್ತಿದ್ದರೆ — ಯಾವುದೇ ಪ್ರಕರಣದಲ್ಲಿ — ಸರಿಯಾದವನು ನನ್ನ ಹಾಸ್ಟೆಲಿನ ದಾರಿಯಲ್ಲೇ ಓಡಾಡಿಕೊಂಡಿರಬಹುದು. ನನ್ನ ಭಯಕ್ಕೆ ಸಿಕ್ಕಿದ್ದು ಉತ್ತರವಲ್ಲ, ಪ್ರಶ್ನೆಯನ್ನು ಮುಚ್ಚುವ ಒಂದು ಮುಚ್ಚಳ. ಪಿಯುಸಿಎಲ್‌ನವರು 2014ರ ಸೂಚನೆಗಳು ಪಾಲನೆಯಾಗಬೇಕೆಂದು ಹೈಕೋರ್ಟಿಗೆ ಹೋದರು, ತನಿಖೆ ಸಿಐಡಿಗೆ ಹೋಯಿತು. ನಮ್ಮ ಗುಂಪಿನಲ್ಲಿ ಅದರ ಬಗ್ಗೆ ಒಬ್ಬಳು ‘ಇವರಿಗೆಲ್ಲ ಮಾಡಲು ಕೆಲಸವಿಲ್ಲ’ ಎಂದು ಬರೆದಳು. ನಾನು ಏನೂ ಬರೆಯಲಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆಯಿದೆ. 2019ರ ಡಿಸೆಂಬರ್ 6ರ ಬೆಳಗ್ಗೆ ಹೈದರಾಬಾದಿನ ಹೊರವಲಯದಲ್ಲಿ, ಪಶುವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆ ಪ್ರಕರಣದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಆಯುಧ ಕಸಿದುಕೊಂಡು ತಿರುಗಿಬಿದ್ದರು, ಅನಿವಾರ್ಯವಾಗಿ ಗುಂಡು ಹಾರಿಸಬೇಕಾಯಿತು ಎಂಬುದು ವಿವರಣೆ. ಜನ ಪೊಲೀಸರ ಮೇಲೆ ಹೂ ಸುರಿದರು. ಆಗಿನ ಪೊಲೀಸ್ ಕಮಿಷನರ್ ಹುಬ್ಬಳ್ಳಿಯವರೆಂದು ನಮ್ಮಲ್ಲಿ ಸಂಭ್ರಮ ಇನ್ನೂ ಒಂದು ಕೈ ಹೆಚ್ಚು. ಸುಪ್ರೀಂ ಕೋರ್ಟು ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್‌ಕರ್ ನೇತೃತ್ವದಲ್ಲಿ ಮೂವರ ಆಯೋಗ ನೇಮಿಸಿತು. ಅದರ ಸದಸ್ಯರಲ್ಲಿ ಒಬ್ಬರು ಸಿಬಿಐನ ಮಾಜಿ ನಿರ್ದೇಶಕ, ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿಯಾಗಿದ್ದ ಡಿ.ಆರ್. ಕಾರ್ತಿಕೇಯನ್. 2022ರ ಮೇ ತಿಂಗಳಲ್ಲಿ ಬಹಿರಂಗವಾದ ವರದಿ, ಪೊಲೀಸರ ಕಥೆ ನಂಬಲು ಯೋಗ್ಯವಲ್ಲ ಎಂದಿತು. ಸಾಯಿಸುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರನ್ನು ವಿಚಾರಣೆಗೆ ಒಳಪಡಿಸಬೇಕು ಎಂದಿತು. ಸತ್ತ ನಾಲ್ವರಲ್ಲಿ ಮೂವರು ಅಪ್ರಾಪ್ತ ವಯಸ್ಸಿನವರು ಎಂದೂ ಹೇಳಿತು. ಪ್ರಕರಣ ತೆಲಂಗಾಣ ಹೈಕೋರ್ಟಿಗೆ ಹೋಯಿತು. ಹೂ ಸುರಿದವರು ಯಾರೂ ಅದನ್ನು ಹಿಂದಕ್ಕೆ ಹೆಕ್ಕಿಕೊಂಡ ಸುದ್ದಿ ಬರಲಿಲ್ಲ.

ಇನ್ನೊಂದು ಮಣಿಪುರದ್ದು. 2013ರಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಆರು ಎನ್‌ಕೌಂಟರ್‌ಗಳನ್ನು ಪರಿಶೀಲಿಸಲು ಒಂದು ಆಯೋಗ ಮಾಡಿತು. ಅಧ್ಯಕ್ಷರು ನಮ್ಮ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಸದಸ್ಯರಲ್ಲಿ ಒಬ್ಬರು ಕರ್ನಾಟಕದ ಮಾಜಿ ಪೊಲೀಸ್ ಮಹಾನಿರ್ದೇಶಕ ಅಜಯ್ ಕುಮಾರ್ ಸಿಂಗ್. ಆರು ಪ್ರಕರಣ, ಏಳು ಸಾವು, ಅದರಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಅಲ್ಲ ಎಂದು ಆಯೋಗ ತೀರ್ಮಾನಿಸಿತು. ಪೊಲೀಸರನ್ನು ಪ್ರಶ್ನಿಸುವವರು ಪೊಲೀಸರ ಕಷ್ಟ ಗೊತ್ತಿಲ್ಲದ ಪುಸ್ತಕದ ಹುಳುಗಳು ಎಂದು ನನಗೆ ಎಷ್ಟೋ ಜನ ಹೇಳಿದ್ದಾರೆ. ಈ ಎರಡೂ ಆಯೋಗಗಳಲ್ಲಿ ಪ್ರಶ್ನೆ ಕೇಳಿದವರ ಸಾಲಿನಲ್ಲಿ ಬದುಕೆಲ್ಲ ಖಾಕಿ ತೊಟ್ಟವರಿದ್ದರು.

ಇದನ್ನು ಮಾವನಿಗೆ ಹೇಳಿದೆ. ಅವರಿಗೆ ಖುಷಿಯೇನೂ ಆಗಲಿಲ್ಲ. “ದೊಡ್ಡೋರು ದೊಡ್ಡೋರನ್ನ ಕೇಳ್ತಾರಮ್ಮ. ಕೊನೇಗೆ ಸಿಗಾಕ್ಕೊಳೋನು ಟ್ರಿಗರ್ ಮೇಲೆ ಬೆರಳಿಟ್ಟೋನು,” ಎಂದರು. ಅದರಲ್ಲಿ ಸತ್ಯವಿದೆ. ಬೆಳಗಾಗುವುದರೊಳಗೆ ಏನಾದರೂ ಮಾಡಿ ಎಂದು ಮೇಲಿನಿಂದ ಬರುವ ಒತ್ತಡಕ್ಕೆ ಕಾಗದವಿರುವುದಿಲ್ಲ. ಠಾಣೆಯ ಮುಂದೆ ಕೂಗುವ ಗುಂಪಿಗೂ, ವಾಟ್ಸಾಪಿನಲ್ಲಿ ಕೈಮುಗಿಯುವ ನನಗೂ ಆಯೋಗದ ಸಮನ್ಸ್ ಬರುವುದಿಲ್ಲ. ಹದಿನಾರು ತಾಸು ನಿಂತ ಕಾಲಿನ ಮೇಲೆ ಕಲ್ಲಿನ ಎದುರು ನಿಲ್ಲುವವನ ಭಯವೂ ಸುಳ್ಳಲ್ಲ. ಚಾಕು ಪೊಲೀಸರನ್ನು ಕೊಲ್ಲುತ್ತದೆ.

ಆದರೆ ಅದಕ್ಕೇ, ಮಾವನಂಥವರಿಗಾಗಿಯೇ ಪ್ರಶ್ನೆ ಬೇಕು ಎಂದು ನನಗೆ ಈಗ ಅನಿಸುತ್ತಿದೆ. ಅಧಿಕಾರವನ್ನು ಕಟ್ಟಿಹಾಕಲು ಲೆಕ್ಕ ಕೇಳಬೇಕು ಎಂಬುದು ಗೊತ್ತಿರುವ ವಾದ. ಅದರ ಇನ್ನೊಂದು ಮುಖವನ್ನು ನಾವು ನೋಡುತ್ತಿಲ್ಲ. ಎಲ್ಲ ಗುಂಡೂ ಒಂದೇ ವಾಕ್ಯದಲ್ಲಿ ಹಾರಿದರೆ, ನಿಜವಾಗಿ ಪ್ರಾಣ ಉಳಿಸಿಕೊಳ್ಳಲು ಹೊಡೆದ ಪೊಲೀಸ್ ಹೇಳುವುದೂ ಸುಳ್ಳುಗಾರ ಹೇಳುವ ಅದೇ ಮಾತನ್ನೇ. ಅವನ ಸತ್ಯಕ್ಕೆ ಬೇರೆ ಶಬ್ದವೇ ಉಳಿದಿಲ್ಲ. ಇವತ್ತು ಜನ ಇಬ್ಬರಿಗೂ ಹೂ ಹಾಕುತ್ತಾರೆ, ನಾಳೆ ಇಬ್ಬರನ್ನೂ ಅನುಮಾನಿಸುತ್ತಾರೆ. ತಾನು ಕಂಡದ್ದು, ಹೆದರಿದ್ದು, ಎಡವಿದ್ದು ಇವನ್ನು ತನ್ನ ಮಾತಿನಲ್ಲೇ ಹೇಳುವ ಅವಕಾಶ ಮನುಷ್ಯನಿಗೆ ಸಿಗದಿದ್ದರೆ ಆ ಕ್ರಿಯೆ ಅವನದಾಗಿಯೇ ಉಳಿಯುವುದಿಲ್ಲ. ಮೇಲಕ್ಕೇ ಹಿಡಿದಿದ್ದೆ ಅಂತ ಅನ್ಕೊಂಡಿದೀನಿ — ಮೂವತ್ತು ವರ್ಷದ ಮೇಲೂ ಮಾವನ ಬಾಯಲ್ಲಿ ಉಳಿದಿರುವ ಆ ‘ಅನ್ಕೊಂಡಿದೀನಿ’ಗೆ ಠಾಣೆಯ ಹೇಳಿಕೆಯಲ್ಲಿ ಜಾಗವಿರಲಿಲ್ಲ.

ತರಬೇತಿಯಲ್ಲಿ ಅದಕ್ಕೆ ಜಾಗವಿತ್ತೇ ಎಂದು ಕೇಳಿದೆ. 1990ರಲ್ಲಿ ಹವಾನಾದಲ್ಲಿ ವಿಶ್ವಸಂಸ್ಥೆಯ ಸಮಾವೇಶವೊಂದು ಪೊಲೀಸರ ಬಲಪ್ರಯೋಗದ ಬಗ್ಗೆ ಒಪ್ಪಿದ ತತ್ತ್ವಗಳಲ್ಲಿ ಗುರಿ ಹಿಡಿಯುವುದರ ಮಾತಷ್ಟೇ ಇಲ್ಲ. ಮಾತುಕತೆಯಿಂದ ಮನವೊಲಿಸುವುದು, ಗುಂಪಿನ ವರ್ತನೆ ಅರಿಯುವುದು, ಗುಂಡು ಹಾರಿಸಬೇಕಾಗಿ ಬಂದ ಸಿಬ್ಬಂದಿಗೆ ಆಮೇಲೆ ಮನಸ್ಸಿನ ಒತ್ತಡಕ್ಕೆ ಸಲಹೆ ಕೊಡಿಸುವುದು ಎಲ್ಲವೂ ಇದೆ. ಮಾವನಿಗೆ ಇದನ್ನು ಓದಿ ಹೇಳಿದಾಗ ಗಲ್ಲ ಕೆರೆದುಕೊಂಡರು.

“ನಮ್ಗೆ ಹೆಂಗೆ ಹೊಡೀಬೇಕು ಅಂತ ಹೇಳ್ಕೊಟ್ರು. ಚೆನ್ನಾಗೇ ಹೇಳ್ಕೊಟ್ರು. ಹೊಡೀದಂಗೆ ಇರೋದು ಹೆಂಗೆ ಅಂತ...” ಎಂದು ನಿಲ್ಲಿಸಿದರು. ಅತ್ತೆ ಒಳಗಿನಿಂದ ಕಾಫಿ ತಂದರು, ಮಾವನದು ಸಕ್ಕರೆಯಿಲ್ಲದ್ದು.

ಕಾಫಿ ಮುಗಿದ ಮೇಲೆ ಅವರೇ ಮತ್ತೆ ಶುರುಮಾಡಿದರು. ಆ ರಾತ್ರಿ ಟಾರ್ಚ್ ಹಿಡಿದು ಹುಡುಕುವಾಗ ಚರಂಡಿಯ ಪಕ್ಕದ ಮನೆಯಿಂದ ಒಬ್ಬ ಮುದುಕಿ ಬಂದು, ಏನು ಕಳಕೊಂಡ್ಯಪ್ಪಾ ಎಂದು ಕೇಳಿದಳಂತೆ. ಸಂಜೆ ಗುಂಡಿನ ಸದ್ದು ಕೇಳಿದವಳೇ ಇರಬೇಕು. ಇವರು ಏನೂ ಇಲ್ಲಜ್ಜಿ ಅಂದರಂತೆ. ಅವಳು ಒಳಗೆ ಹೋಗಿ ಒಂದು ಲಾಟೀನು ತಂದು ಕಟ್ಟೆಯ ಮೇಲಿಟ್ಟು, ಬೆಳಕಿಗೆ ಇರಲಿ ಎಂದು ಬಾಗಿಲು ಹಾಕಿಕೊಂಡಳಂತೆ.

“ಅವಳಿಗೆ ಹೇಳ್ಬೋದಿತ್ತು ನೋಡು,” ಎಂದರು ಮಾವ.